ಮುಷ್ಟಿಯ ಜೊತೆ ಬಂದ ಮಾತು

ಎರಡನೇ ಸಲ ಪುರಸಭೆಯ ಅಧ್ಯಕ್ಷನಾದ ಮೇಲೆ ಮುರಿಗೆಪ್ಪ ಹೊಳೆದಂಡೆಯ ಮಠಕ್ಕೆ ಬಂದದ್ದು ಅದೇ ಮೊದಲು. ಕಾರನ್ನು ದೂರದಲ್ಲೇ ಬಿಟ್ಟು ಮೆಟ್ಟಿಲಿಳಿದ. ಅವನು ಓದಿ ಬೆಳೆದದ್ದು ಇದೇ ಮಠದಲ್ಲಿ.

ಗುರುಗಳು, ಎಲ್ಲರೂ ಕರೆಯುವಂತೆ ಅಜ್ಜಾರು, ನೀರಲ್ಲಿ ನಿಂತು ಜೋಳಿಗೆ ಒಗೆಯುತ್ತಿದ್ದರು.

"ಅಜ್ಜಾರ, ಇನ್ನೂ ಜೋಳಿಗಿ ಹಿಡೀತೀರೇನ್ರಿ? ಸಾಹುಕಾರ್ರಿಗೆ ಹೇಳಿ ವರ್ಷಕ್ಕಾಗೋವಷ್ಟು ಅಕ್ಕಿ ಕಳಿಸಿದ್ನೆಲ್ರಿ?"

"ಬಂದಾವ. ಚೀಲದ ಹೊಲಿಗಿ ಬಿಚ್ಚಿಲ್ಲ."

ಮುರಿಗೆಪ್ಪನ ಮುಖ ಸಣ್ಣದಾಯಿತು. ಕಲ್ಲಿನ ಮೇಲೆ ಕುಳಿತ. ಒದ್ದೆ ಕಾವಿಯ ವಾಸನೆ ಮೂಗಿಗೆ ಬಂದದ್ದೇ ತಡ, ಹಳೆಯ ದಿನಗಳು ಮುತ್ತಿಕೊಂಡವು.

ಆಗ ಓಣಿ ಓಣಿ ತಿರುಗಿ ಜೋಳಿಗೆ ಒಡ್ಡುತ್ತಿದ್ದವನು ಅವನೇ. ಒಡ್ಡಿದವನು ನೆಲ ನೋಡಬೇಕು, ಹಾಕುವವರು ಕೈಯನ್ನು ಒಳಗಿಟ್ಟು ಮುಷ್ಟಿ ಬಿಚ್ಚಬೇಕು. ಅದು ಮಠದ ಪದ್ಧತಿ. ಯಾರು ಎಷ್ಟು ಹಾಕಿದರೋ, ಬರಿಗೈಯನ್ನೇ ಇಟ್ಟು ತೆಗೆದರೋ, ಯಾರಿಗೂ ತಿಳಿಯುತ್ತಿರಲಿಲ್ಲ.

ಆದರೆ ಮುಷ್ಟಿಯ ಜೊತೆ ಪ್ರತಿ ಮನೆಯಿಂದಲೂ ಒಂದು ಮಾತು ಬರುತ್ತಿತ್ತು.

"ನಳಕ್ಕ ನೀರು ಬಂದಿಲ್ಲಂತ ಅಜ್ಜಾರಿಗೆ ಹೇಳಪಾ."

"ಗಟಾರ ನಾರಾಕತ್ತೈತಿ, ಕೇಳವ್ರ ಇಲ್ಲ."

"ನಿಮ್ಮ ಅಜ್ಜಾರ ಪ್ರವಚನ ಭಾಳ ಉದ್ದ ಆತು, ಮಕ್ಕಳು ನಿದ್ದಿ ಹೊಡೀತಾವ!"

ಸಂಜೆ ಅಜ್ಜಾರು ಅಕ್ಕಿ ನೋಡುವ ಮೊದಲು ಮಾತು ಕೇಳುತ್ತಿದ್ದರು. ಕೇಳಿ, ಕೋಲು ಹಿಡಿದು ಪುರಸಭೆಗೆ ನಡೆದುಬಿಡುತ್ತಿದ್ದರು. ಪ್ರವಚನವನ್ನೂ ಕಡಿಮೆ ಮಾಡಿದ್ದರು! ಎಂಥ ಚೆಂದದ ದಿನಗಳು ಅವು.

ಮೊದಲ ಚುನಾವಣೆಯ ಖರ್ಚಿಗೂ ಮುರಿಗೆಪ್ಪ ಹಾಗೇ ಜೋಳಿಗೆ ಹಿಡಿದು ಹೋಗಿದ್ದ. ಮಾಸ್ತರರು, ಗುಮಾಸ್ತರು, ದರ್ಜಿಗಳು ಕೈಲಾದಷ್ಟು ಹಾಕಿ, ಬೈದು, ಗೆಲ್ಲಿಸಿದ್ದರು. ಈ ಸಲ ಜೀಪು, ಪೆಂಡಾಲು, ಊಟ ಎಲ್ಲವೂ ಸಾಹುಕಾರರದೇ. ಯಾರ ಹೊಸ್ತಿಲಿಗೂ ಹೋಗಬೇಕಾಗಿ ಬರಲಿಲ್ಲ.

"ಯಾಕ ಬಂದಿ?" ಅಜ್ಜಾರು ಕೇಳಿದರು.

"ನಾಳೆ ಸಭಾ ಐತ್ರಿ. ಸಂತಿ ಬಯಲು ಸಾಹುಕಾರ್ರಿಗೆ ಕೊಡಬೇಕಂತ. ದರ್ಜಿಗೋಳು, ಬಳಿಗಾರರು, ಖಾನಾವಳಿಯವ್ರು ಎಲ್ಲಾರೂ ಅಂಗಡಿ ಕೀಳಬೇಕಾಗ್ತದ. ಹೂಂ ಅಂದ್ರ ಅವರು ಹೋದರು, ಒಲ್ಲೆ ಅಂದ್ರ ನನ್ನ ಕುರ್ಚಿ ಹೋತು. ಏನ್ ಮಾಡ್ಲಿರಿ?"

ಅಜ್ಜಾರು ಜೋಳಿಗೆ ಹಿಂಡಿದರು. ಆಮೇಲೆ ಆ ಕಾಲದ ಸಂಜೆಗಳಲ್ಲಿ ಕೇಳುತ್ತಿದ್ದ ಹಾಗೆಯೇ ಕೇಳಿದರು:

"ಇವತ್ತ ಏನೇನ್ ಮಾತು ತಂದೀಯೋ, ತಮ್ಮಾ?"

ಮುರಿಗೆಪ್ಪ ಬಾಯಿ ತೆರೆದ. ಹುಡುಕಿದ.

"ಸಾಹುಕಾರ್ರದೊಂದ ಐತ್ರಿ. ಬ್ಯಾರೆ ಯಾರದೂ ಇಲ್ಲ."

ಅಜ್ಜಾರು ದಂಡೆ ಹತ್ತಿ ಬಂದು ಒದ್ದೆ ಜೋಳಿಗೆಯನ್ನು ಅವನ ಹೆಗಲಿಗೆ ಹಾಕಿದರು. ಇಸ್ತ್ರಿ ಮಾಡಿದ ಅಂಗಿಯ ಮೇಲೆ ನೀರು ಇಳಿಯಿತು. ಅವನು ಒರೆಸಿಕೊಳ್ಳಲಿಲ್ಲ.

"ಈಗ ಹೋದ್ರ ಮುಷ್ಟಿ ಹಾಕ್ತಾರೇನ್ರಿ, ಅಜ್ಜಾರ?"

"ಮುಷ್ಟಿ ಇರಲಿ. ಮೊದಲ ಕದಾ ತಗೀತಾರೇನು ನೋಡು."