ನಿಂಗಯ್ಯನ ಒಲೆಯ ಬೂದಿ

ಹೊಳೆಯ ದಂಡೆಯಲ್ಲೊಂದು ಆಶ್ರಮ. ಅಲ್ಲಿ ಒಂದು ಪುಟ್ಟ ಚರ್ಚು, ಇನ್ನಾಸಪ್ಪ ಗುರುಗಳು, ಅವರ ಶಿಷ್ಯ ಚೌರಪ್ಪ.

ಚರ್ಚಿನ ವರ್ಷ ತಿರುಗಿದ ಹಾಗೆ ಪೀಠದ ಬಟ್ಟೆ ಬದಲಿಸುವುದು ಚೌರಪ್ಪನ ಕೆಲಸ. ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲಕ್ಕೆ ನೇರಳೆ, ಕ್ರಿಸ್ಮಸ್ಸಿಗೆ ಬಿಳಿ, ಪೆಂತೆಕೋಸ್ತು ಹಬ್ಬಕ್ಕೆ ಕೆಂಪು. ಪಾಪ, ಅವನಿಗೆ ಅದೇ ದೊಡ್ಡ ತಲೆನೋವು. ಪೆಂತೆಕೋಸ್ತಿನ ದಿನ ಹಸಿರು ಹಾಸಿದ್ದ. ಕ್ರಿಸ್ಮಸ್ಸಿಗೆ ನೇರಳೆ ತೆಗೆಯುವುದನ್ನೇ ಮರೆತಿದ್ದ.

ಇನ್ನೊಂದು ತಪ್ಪಾದರೆ ಗುರುಗಳು ತನ್ನನ್ನು ಆಶ್ರಮದಿಂದ ಕಳಿಸಿಬಿಡುತ್ತಾರೆ ಎಂದು ಅವನು ನಂಬಿದ್ದ. ಗುರುಗಳು ಹಾಗೆ ಎಂದೂ ಅಂದಿರಲಿಲ್ಲ. ಅಳುಕುವ ಮನಸ್ಸಿಗೆ ಬೇರೆಯವರು ಬಂದು ಹೆದರಿಸಬೇಕೇ?

ಬೂದಿ ಬುಧವಾರದ ಹಿಂದಿನ ದಿನ ಗುರುಗಳು ಅವನನ್ನು ಕರೆದರು.

“ಆಚೆ ದಡದ ಮನೆಗಳಿಂದ ಹೋದ ವರ್ಷದ ಗರಿಗಳನ್ನು ತಾ. ಸುಟ್ಟು ಬೂದಿ ಮಾಡಬೇಕು.”

ಪ್ರಭು ಊರೊಳಗೆ ಬಂದದ್ದನ್ನು ನೆನೆದು, ಗರಿಗಳ ಭಾನುವಾರ ಎಲ್ಲರೂ ತೆಂಗಿನ ಗರಿ ಹಿಡಿದು ಅವರನ್ನು ಎದುರುಗೊಳ್ಳುತ್ತಾರೆ. ಮಂತ್ರಿಸಿದ ಆ ಗರಿ ವರ್ಷವಿಡೀ ಮನೆಯ ಶಿಲುಬೆಯ ಹಿಂದೆ ಒಣಗುತ್ತದೆ. ಮರುವರ್ಷ ಬೂದಿ ಬುಧವಾರ ಅದರ ಬೂದಿಯನ್ನು ಹಣೆಗಿಟ್ಟುಕೊಂಡು ನಲವತ್ತು ದಿನಗಳ ತಪಸ್ಸುಕಾಲ ಶುರುಮಾಡುತ್ತಾರೆ.

ಚೌರಪ್ಪ ಮನೆಮನೆ ಸುತ್ತಿ ಮೂಟೆ ತುಂಬಿಸಿಕೊಂಡ. ಸಂಜೆ ಅಂಬಿಗ ನಿಂಗಯ್ಯನ ಹರಿಗೋಲು ಹತ್ತಿದ. ನಡುಹೊಳೆಯಲ್ಲಿ ಅಕಾಲದ ಮಳೆ ಹಿಡಿಯಿತು. ಚೌರಪ್ಪ ಮೂಟೆಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಎದೆಗವಚಿಕೊಂಡ.

“ಅದೇನ್ ಸ್ವಾಮಿ, ಕೂಸಿನಂಗೆ ಅಪ್ಕೊಂಡಿದ್ದೀರಿ?” ಮುದುಕ ನಕ್ಕ.

“ನಾಳೆಗೆ ಬೇಕಾದದ್ದು ನಿಂಗಯ್ಯ. ಒದ್ದೆಯಾದರೆ ನನ್ನ ಕಥೆ ಮುಗಿಯಿತು.”

ಇನ್ನೇನು ದಡ ಸಿಕ್ಕಿತು ಅನ್ನುವಾಗ ಹರಿಗೋಲು ಸೆಳವಿಗೆ ಸಿಕ್ಕಿ ವಾಲಿತು. ನಿಂಗಯ್ಯ ನೀರಿಗಿಳಿದ. ಎದೆಮಟ್ಟ ನೀರಿನಲ್ಲಿ ನಿಂತು, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಅದನ್ನು ದಡಕ್ಕೆ ನೂಕಿದ. ಮೂಟೆಗೆ ಒಂದು ಹನಿ ತಾಗಲಿಲ್ಲ. ನಿಂಗಯ್ಯ ಮಾತ್ರ ದಡ ಹತ್ತಿದವನೇ ಕುಸಿದ.

ಚೌರಪ್ಪ ಅವನನ್ನು ಗುಡಿಸಲಿಗೆ ಹೊತ್ತು ತಂದ. ಮುದುಕನ ಹೆಂಡತಿ ಸಣ್ಣಮ್ಮ ಒದ್ದೆ ಬಟ್ಟೆ ಬಿಚ್ಚಿ, ಇದ್ದ ಕಂಬಳಿಯನ್ನೆಲ್ಲ ಹೊದಿಸಿದಳು. ನಡುಕ ನಿಲ್ಲಲಿಲ್ಲ. ತುಟಿ ನೀಲಿಗಟ್ಟಿತ್ತು. ಸೌದೆಯೆಲ್ಲ ಮಳೆಗೆ ನೆನೆದು, ಎಷ್ಟು ಊದಿದರೂ ಬರೀ ಹೊಗೆ.

“ಆ ಮೂಟೇಲೇನೈತೆ ಸ್ವಾಮಿ?”

“ಗರಿ. ಮಂತ್ರಿಸಿದ ಗರಿ.”

ಸಣ್ಣಮ್ಮ ಮತ್ತೆ ಬಗ್ಗಿ ಊದತೊಡಗಿದಳು. ಹಿಂದೆ ನಿಂಗಯ್ಯನ ಹಲ್ಲು ಕಟಕಟ ಅನ್ನುತ್ತಿತ್ತು.

ಚೌರಪ್ಪ ಪ್ಲಾಸ್ಟಿಕ್ ಹಾಳೆ ತೆಗೆದ. ಮೂಟೆ ಬಿಚ್ಚಿದ.

ಒಣಗರಿ ಭಗ್ಗನೆ ಹತ್ತಿಕೊಂಡಿತು, ಅಷ್ಟೇ ಬೇಗ ಉರಿದೂ ಹೋಯಿತು. ಇನ್ನೊಂದು ಹಿಡಿ ಹಾಕಿದ. ಮತ್ತೊಂದು ಹಿಡಿ. ಸೌದೆಗೆ ಉರಿ ಹತ್ತುವಷ್ಟರಲ್ಲಿ ಮೂಟೆ ಬರಿದಾಗಿತ್ತು.

ಬಹಳ ಹೊತ್ತಿನ ಮೇಲೆ ಮುದುಕ ಕಣ್ಣು ಬಿಟ್ಟ.

“ಏ ಇವಳೇ, ಸ್ವಾಮೇರಿಗೆ ಕಾಪಿ ಕೊಟ್ಟಾ?”

ಸಣ್ಣಮ್ಮ ಅಳುತ್ತಲೇ ಗಂಡನನ್ನು ಬಯ್ದಳು. ಚೌರಪ್ಪನಿಗೆ ಹೋದ ಜೀವ ಬಂದಂತಾಯಿತು. ಆಶ್ರಮದ ಬಾಗಿಲು ಕಂಡಾಗ ಅದು ಮತ್ತೆ ಬಾಯಿಗೆ ಬಂತು.

ಬೆಳಿಗ್ಗೆ ಗುರುಗಳು ಕೇಳಿದರು, “ಗರಿ ಎಲ್ಲಿ?”

“ಸುಟ್ಟುಬಿಟ್ಟೆ, ಗುರುಗಳೇ.”

“ಸುಡಲೆಂದೇ ಅಲ್ಲವೇ ತರಿಸಿದ್ದು?”

“ಇಲ್ಲಿ ಅಲ್ಲ. ನಿಂಗಯ್ಯನ ಒಲೆಯಲ್ಲಿ.” ನಡೆದದ್ದನ್ನೆಲ್ಲ ಹೇಳಿ ತಲೆ ತಗ್ಗಿಸಿದ. “ನಾನಿನ್ನು ಹೊರಡಲೇ?”

“ಹೊರಡು,” ಎಂದರು ಗುರುಗಳು.

ಚೌರಪ್ಪ ಬಾಗಿಲ ಕಡೆ ತಿರುಗಿದ.

“ಬೂದಿಯ ಬಟ್ಟಲು ತಗೊಂಡು ಹೊರಡಪ್ಪ. ನಾನೂ ಬರುತ್ತೇನೆ. ಪೂಜೆಗೆ ಹೊತ್ತಾಗುತ್ತಿದೆ.”

ನಿಂಗಯ್ಯ ಎಳೆಬಿಸಿಲಿನಲ್ಲಿ ಕುಳಿತು ಹರಿಗೋಲನ್ನು ಬಯ್ಯುತ್ತಿದ್ದ. ಗುರುಗಳು ಒಲೆಯ ಮುಂದೆ ಮಂಡಿಯೂರಿದರು.

“ಒಂದಿಷ್ಟು ಬೂದಿ ಬೇಕಿತ್ತು ತಾಯಿ.”

“ಪಾತ್ರೆ ತಿಕ್ಕಕ್ಕಾ ಬುದ್ಧಿ?” ಸಣ್ಣಮ್ಮ ಕೇಳಿದಳು.

“ತಿಕ್ಕುವುದಕ್ಕೇ. ನಮ್ಮ ಪಾತ್ರೆಗಳಿಗೆ ಒಂದು ವರ್ಷದ ಜಿಡ್ಡು ಹಿಡಿದಿದೆ.”

“ಹಂಗಾರೆ ಇಷ್ಟು ಸಾಲಕ್ಕಿಲ್ಲ,” ಎಂದು ಆಕೆ ತಾನೇ ಗೋರಿ ಗೋರಿ ಬಟ್ಟಲು ತುಂಬಿಸಿದಳು.

ಗುರುಗಳು ಗಟ್ಟಿಯಾಗಿ ನಕ್ಕರು. ಆ ನಗು ಕೇಳಿ ಚೌರಪ್ಪನ ಎದೆಯ ಭಾರ ಅರ್ಧ ಇಳಿಯಿತು.

ಅಂದು ಆಚೆ ದಡದವರು, ಈಚೆ ದಡದವರು ಎಲ್ಲರೂ ಸಾಲುಗಟ್ಟಿ ಬಂದರು. ಎಲ್ಲರ ಹಣೆಗೂ ನಿಂಗಯ್ಯನ ಒಲೆಯ ಬೂದಿಯೇ. ಈ ಸಲದ ಬೂದಿ ಒರಟು ಎಂದು ಒಬ್ಬಿಬ್ಬರು ಗೊಣಗಿದರು, ಅಷ್ಟೇ.

ಕೊನೆಗೆ ಚೌರಪ್ಪ ಬಂದು ನಿಂತ. ಉಳಿದರ್ಧ ಭಾರ ಇನ್ನೂ ಅವನೊಳಗೇ ಇತ್ತು.

“ಗುರುಗಳೇ, ಪ್ರಭುವನ್ನು ಎದುರುಗೊಂಡ ಗರಿಗಳು ಅವು. ಅವನ್ನು ನಾನು ಅಂಬಿಗನ ಚಳಿ ಕಾಯಿಸಲು ಹಾಕಿಬಿಟ್ಟೆನಲ್ಲ.”

ಗುರುಗಳು ಅವನ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಎಳೆದರು.

“ಎದುರುಗೊಂಡೆಯಲ್ಲಪ್ಪ. ಪ್ರಭುವಿಗೆ ಚಳಿ ಬಿಟ್ಟಿತೇ?”