ಒಂದೇ ಅಲೆ, ಎರಡು ಸಲ

ನದೀತೀರದ ಒಂದು ಆಶ್ರಮದಲ್ಲಿ ಭುಜಬಲಯ್ಯನವರು ಆಕಾಶದ ಪಾಠ ಹೇಳುತ್ತಿದ್ದರು. ಎಲ್ಲೋ ದೂರದಲ್ಲಿ ಎರಡು ಕಪ್ಪುಕುಳಿಗಳು ಡಿಕ್ಕಿ ಹೊಡೆದು ಒಂದಾದರೆ ಗುರುತ್ವದ ಅಲೆ ಏಳುತ್ತದೆ. ಕೋಟ್ಯಂತರ ವರ್ಷ ಸಾಗಿ ಬಂದ ಆ ಅಲೆ ಉಪಕರಣದಲ್ಲಿ ಮೂಡಿಸುವ ಗೆರೆಯನ್ನು ಓದುವುದೇ ಅಲ್ಲಿನ ವಿದ್ಯೆ.

ಹಿರಿಯ ಶಿಷ್ಯ ಧರಣೇಂದ್ರ ಒಮ್ಮೆ ಎರಡು ಅಲೆಗಳನ್ನು ಗುರುತಿಸಿದ. ನಾಲ್ಕು ದಿನಗಳ ಅಂತರದಲ್ಲಿ, ಆಕಾಶದ ಒಂದೇ ಕಡೆಯಿಂದ ಬಂದವು. ಎರಡು ಡಿಕ್ಕಿಗಳನ್ನು ಕಂಡುಹಿಡಿದೆನೆಂದು ತುಂಬಿದ ಸಭೆಯಲ್ಲಿ ಹೇಳಿದ.

ಹೊಸದಾಗಿ ಸೇರಿದ್ದ ಮಂದಾಕಿನಿ ಎದ್ದು ನಿಂತಳು.

"ಎರಡೂ ಒಂದೇ ಇರಬಹುದಾ ಅಣ್ಣಾ? ನಡುವೆ ದೊಡ್ಡ ಗ್ಯಾಲಕ್ಸಿ ಇದ್ದರೆ ಅದರ ಭಾರಕ್ಕೆ ಅಲೆ ಬಾಗಿ ಎರಡು ದಾರಿ ಹಿಡಿಯುತ್ತದಲ್ಲ. ಸುತ್ತುದಾರಿಯದು ತಡವಾಗಿ ಬರುತ್ತೆ."

"ಸತ್ತವರು ನಾಲ್ಕು ದಿನ ಬಿಟ್ಟು ಇನ್ನೊಮ್ಮೆ ಸಾಯ್ತಾರೇನಮ್ಮಾ?" ಎಂದು ಧರಣೇಂದ್ರ ನಕ್ಕ.

ಸಭೆಯೆಲ್ಲ ನಕ್ಕಿತು. ಮಂದಾಕಿನಿ ಕೂತಳು. ಆಮೇಲೆ ಅವಳು ಪಾಠದಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಎರಡು ತಿಂಗಳಾದ ಮೇಲೆ ಧರಣೇಂದ್ರ ಆ ಗೆರೆಗಳನ್ನು ಒಂದರ ಮೇಲೊಂದಿಟ್ಟು ನೋಡಿದ. ಒಂದು ದೊಡ್ಡದು, ಒಂದು ಸಣ್ಣದು. ಏರಿಳಿತ ಮಾತ್ರ ಒಂದೇ. ಎಷ್ಟು ಸಲ ಲೆಕ್ಕ ಹಾಕಿದರೂ ಒಂದೇ ಡಿಕ್ಕಿ.

ಮಂದಾಕಿನಿ ಅಂದು ಮಧ್ಯಾಹ್ನ ಊರಿಗೆ ಹೊರಡುತ್ತಾಳೆ, ಇನ್ನು ಬರುವುದಿಲ್ಲ ಎಂದು ಅಡುಗೆಮನೆಯಲ್ಲಿ ಯಾರೋ ಹೇಳಿದರು.

ಗುರುಗಳು ಹೊಳೆಯಲ್ಲಿ ಪಂಚೆ ಒಗೆಯುತ್ತಿದ್ದರು. ಧರಣೇಂದ್ರ ತಲೆ ತಗ್ಗಿಸಿ ನಿಂತ.

"ಅವಳು ಹೇಳಿದ್ದೇ ಸರಿ, ಗುರುಗಳೇ. ಎರಡು ಡಿಕ್ಕಿ ಎಂದು ಬರೆದಿದ್ದನ್ನು ತಿದ್ದಿದ್ದೇನೆ."

"ಅವಳಿಗೆ ಹೇಳಿದೆಯಾ?"

"ಮುಖ ತೋರಿಸಲು ಆಗುತ್ತಿಲ್ಲ. ಚೀಟಿ ಬರೆದಿದ್ದೇನೆ. ಅವಳು ಊರಿಗೆ ಹೊರಡುವ ಮೊದಲು ತಾವು ಕೊಟ್ಟುಬಿಟ್ಟರೆ..."

"ಅವತ್ತು ಚೀಟಿಯಲ್ಲಿ ನಕ್ಕಿದ್ದೆಯಾ?"

ಧರಣೇಂದ್ರ ಚೀಟಿಯನ್ನು ಅಂಗೈಯಲ್ಲೇ ಮುದುರಿ ಕೇಳಿದ:

"ಅವಳು ಕೇಳಿದ್ದು ಸರಿಯೆಂದು ತಮಗೆ ಅವತ್ತೇ ಅನ್ನಿಸಿತ್ತೇ?"

"ಅನ್ನಿಸಿತ್ತು."

"ಮತ್ತೆ ಯಾಕೆ ಸುಮ್ಮನಿದ್ದಿರಿ?"

ಗುರುಗಳು ಪಂಚೆಯನ್ನು ಹಿಂಡದೆ ಹಾಗೇ ಕಲ್ಲಿನ ಮೇಲೆ ಬಿಟ್ಟರು. ದಡ ಹತ್ತಿ ಬಂದು ಶಿಷ್ಯನ ಪಕ್ಕದಲ್ಲಿ ನಿಂತರು.

"ಸುಮ್ಮನಿರಲಿಲ್ಲ ಧರಣೇಂದ್ರ, ನಾನೂ ನಕ್ಕಿದ್ದೆ. ಎಲ್ಲರನ್ನೂ ಸಭೆಗೆ ಕರೆ. ಮೊದಲು ನಾನು ಮಾತಾಡುತ್ತೇನೆ."