ಚಿಕ್ಕತಾಯಮ್ಮನ ಮುಖ ಕಾಣುವ ಟಿವಿ

ಊರಿಗೊಬ್ಬ ಪೆದ್ದ ಬೇಕು. ಇಲ್ಲದಿದ್ದರೆ ಉಳಿದವರು ಜಾಣರು ಅಂತ ಗೊತ್ತಾಗುವುದು ಹೇಗೆ? ನಮ್ಮ ಸೋರೆಕೊಪ್ಪಲಿಗೆ ಜವರ ಇದ್ದ.

ಹೇಳಿದ್ದು ಮಾಡುವವನು. ಹೇಳಿದಷ್ಟೇ ಮಾಡುವವನು. "ಹಾಲು ಉಕ್ಕೀತು, ನೋಡ್ತಾ ಇರ್ಲಾ" ಅಂದರೆ ಕೂತು ನೋಡುವನು. ಪೂರ್ತಿ ನೋಡುವನು. ಆಮೇಲೆ ಬಂದು, "ಚೆನ್ನಾಗಿ ಉಕ್ತು ಕಣವ್ವ" ಅನ್ನುವನು.

ಅವನ ತಾಯಿ ಚಿಕ್ಕತಾಯಮ್ಮ. ಹಣೆ ಚಚ್ಚಿಕೊಂಡು ಚಚ್ಚಿಕೊಂಡು ಅವಳ ಹಣೆ ಚಪ್ಪಟೆಯಾಗಿತ್ತು ಅನ್ನುತ್ತಾರೆ. ನಾನು ನೋಡಿದ್ದೇನೆ. ಅಷ್ಟೇನಿಲ್ಲ.

ಚಿಕ್ಕತಾಯಮ್ಮ ಸೋಬಾನೆ ಹಾಡುವವಳು. ಸುತ್ತಲ ಹಳ್ಳಿಯ ಮದುವೆಗಳಿಗೆಲ್ಲ ಅವಳ ಹಾಡೇ. ಆದರೆ ಹಾಡುವವರು ಚಪ್ಪರದ ಮೂಲೆಯಲ್ಲಿ. ಫೋಟೊದವನಿಗೆ ಹೆಣ್ಣುಗಂಡು ಬೇಕು, ಬೀಗರು ಬೇಕು. ಮೂಲೆ ಯಾರಿಗೆ ಬೇಕು? ನೂರಾರು ಮದುವೆ, ನೂರಾರು ಆಲ್ಬಂ. ಒಂದರಲ್ಲೂ ಅವಳ ಮುಖವಿಲ್ಲ. ಒಂದೇ ಒಂದರಲ್ಲಿ ಮೊಣಕೈ ಇತ್ತು. ಅದನ್ನು ಬಂದವರಿಗೆಲ್ಲ ತೋರಿಸುತ್ತಿದ್ದಳು. "ಇದು ನಂದೇ. ಬಳೆ ನೋಡಿ ಬೇಕಾದ್ರೆ."

ಹೀಗಿರುವಾಗ ಟಿವಿಯವರು ಬಂದರು. ಹಳೇ ಹಾಡು ಹುಡುಕಿಕೊಂಡು ಬಂದವರು. ಚಿಕ್ಕತಾಯಮ್ಮನನ್ನು ಜಗುಲಿಯ ಮೇಲೆ ಕೂರಿಸಿ, ಎದುರಿಗೆ ಕ್ಯಾಮೆರಾ ಇಟ್ಟು ಹಾಡಿಸಿದರು. ಹೋಗುವಾಗ, "ಅಮ್ಮಾ, ಬರೋ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನೋಡಿ" ಅಂದರು.

ಮನೆಯಲ್ಲಿದ್ದದ್ದು ಹಳೇ ಡಬ್ಬ ಟಿವಿ. ಅದರಲ್ಲಿ ಬಂದವರೆಲ್ಲ ಜಡಿಮಳೆಯಲ್ಲಿ ನಿಂತ ಹಾಗೆ ಕಾಣುತ್ತಿದ್ದರು. ಗಂಡಸೋ ಹೆಂಗಸೋ ಮಾತಾಡಿದ ಮೇಲೆ ಗೊತ್ತು. ಚಿಕ್ಕತಾಯಮ್ಮನ ಕಣ್ಣೂ ಮಂಜು.

"ಒಂದು ಸಲ ನನ್ನ ಮುಖ ನಾನು ನೋಡಬೇಕು ಕಣ್ಲಾ" ಅಂದಳು. "ದೊಡ್ಡದಾಗಿ ನೋಡಬೇಕು. ಮೂಗುತಿ ಕಲ್ಲು ಕಾಣಬೇಕು."

ಎಮ್ಮೆ ಮಾರಿದಳು. ಮಗನನ್ನು ಕರೆದಳು. "ಮಗಾ, ಪೇಟೆಗೆ ಹೋಗು. ಇನಾಯತ್ ಸಾಹೇಬರ ಅಂಗಡೀಲಿ ದೊಡ್ಡ ಟಿವಿ ನೋಡ್ಕೊಂಡು ಬಾ. ಸಂಜೆ ಮಾತಾಡಿ ನಾಳೆ ತರೋಣ."

ಅವತ್ತು ಮಂಗಳವಾರ. ಜವರ ಹೋದ. ರಾತ್ರಿಗೆ ಬಂದ.

"ನೋಡ್ದೇನ್ಲಾ?"

"ನೋಡ್ದೆ ಕಣವ್ವ."

"ಹೆಂಗಿತ್ತು?"

"ಅತ್ತೆ ಸೊಸೆಗೆ ಬೈತಿದ್ಲು. ಸೊಸೆ ಅಳ್ತಿದ್ಲು. ಆಮೇಲೆ ಅಂಗಡಿ ಮುಚ್ಚಿದ್ರು."

"ಅಯ್ಯೋ, ಟಿವಿ ಎಷ್ಟಗಲ ಇತ್ತು?"

"ಅತ್ತೇದೇ ತಪ್ಪು ಕಣವ್ವ!"

ಚಿಕ್ಕತಾಯಮ್ಮ ಹಣೆ ಚಚ್ಚಿಕೊಂಡಳು. "ಮಂಕೇ! ಬರೀ ನೋಡಿದ್ರೆ ಆಯ್ತಾ? ಪರೀಕ್ಷೆ ಮಾಡಬೇಕು. ಸಂತೇಲಿ ಮಡಕೆ ತಗೊಳ್ಳೋವಾಗ ಏನು ಮಾಡ್ತೀವಿ?"

"ತಟ್ತೀವಿ."

"ಟಣ್ ಅಂದ್ರೆ?"

"ಗಟ್ಟಿ."

"ದಬ್ ಅಂದ್ರೆ?"

"ಒಡಕು."

"ಹಾಂ. ಯಾವ ವಸ್ತುವಾದ್ರೂ ಹಂಗೆ ಪರೀಕ್ಷೆ ಮಾಡಿ ತರಬೇಕು. ತಿಳೀತಾ?"

"ತಿಳೀತು."

ಬುಧವಾರ ಹೋದ. ಸಾಹೇಬರ ಅಂಗಡಿಯಲ್ಲಿ ಗೋಡೆಯುದ್ದಕ್ಕೂ ಟಿವಿ. ಒಂದರಲ್ಲಿ ಕ್ರಿಕೆಟ್ಟು, ಒಂದರಲ್ಲಿ ಹುಲಿ, ಒಂದರಲ್ಲಿ ಅಡುಗೆ. ಜವರ ಬೆರಳು ಮಡಚಿದ. ಕ್ರಿಕೆಟ್ಟಿಗೆ ತಟ್ಟಿದ. ದಬ್! ಹುಲಿಗೆ ತಟ್ಟಿದ. ದಬ್! ಅಡುಗೆಗೆ ತಟ್ಟಿದ. ದಬ್!

"ಏ ಏ ಏ!" ಸಾಹೇಬರು ಓಡಿ ಬಂದರು. "ಏನಪ್ಪಾ ಅದು? ಬಾಗಿಲಾ ತಟ್ಟೋಕೆ? ಒಳಗಡೆ ಯಾರಿದ್ದಾರೆ?"

ಜವರ ಅವರ ಕಿವಿಯ ಹತ್ತಿರ ಬಂದು ಮೆಲ್ಲಗೆ ಅಂದ. "ಸಾಹೇಬ್ರೇ, ನಿಮಗೆ ಯಾರೋ ಮೋಸ ಮಾಡವ್ರೆ. ಎಲ್ಲಾ ಒಡಕು."

ಸಾಹೇಬರು ಹೊರಗೆ ಕಳಿಸಿದರು. ಬರಿಗೈಯಲ್ಲಿ ಬಂದ.

"ಯಾಕ್ಲಾ?"

"ಒಂದೂ ಟಣ್ ಅನ್ನಲಿಲ್ಲವ್ವ. ಅಂಗಡಿ ತುಂಬಾ ದಬ್ಬು."

ಚಿಕ್ಕತಾಯಮ್ಮ ಹಣೆ ಚಚ್ಚಿಕೊಂಡಳು. "ಬೆಪ್ಪೇ! ಟಿವಿ ತಟ್ಟೋ ವಸ್ತುವೇನ್ಲಾ? ನೋಡೋ ವಸ್ತು. ದೂರ ನಿಂತು ನೋಡಬೇಕು. ದೂರದಿಂದಲೂ ಮುಖದ ಗುರುತು ಸಿಗಬೇಕು. ಅಂಥದ್ದು ತಗೊಂಡು ಬಾ. ತಿಳೀತಾ?"

"ತಿಳೀತು."

ಗುರುವಾರ ಹೋದ. ಅಂಗಡಿಯ ಒಳಗೆ ಹೋಗಲಿಲ್ಲ. ಬಾಗಿಲಲ್ಲಿ ನಿಂತ. ಮುಖ ಕಂಡಿತು. ಇದು ದೂರವಲ್ಲ ಅಂದುಕೊಂಡ. ರಸ್ತೆ ದಾಟಿ ನಿಂತ. ಮುಖ ಕಂಡಿತು. ಇದೂ ದೂರವಲ್ಲ ಅಂದುಕೊಂಡ. ಬಸ್ ಸ್ಟ್ಯಾಂಡಿಗೆ ಹೋಗಿ ನಿಂತ. ಅಂಗಡಿ ಕಂಡಿತು, ಮುಖ ಕಾಣಲಿಲ್ಲ. ಕೆರೆ ಏರಿ ಹತ್ತಿ ನಿಂತ. ಅಂಗಡಿಯೂ ಕಾಣಲಿಲ್ಲ. ಆದರೆ ಸರ್ಕಲ್ಲಿನಲ್ಲಿ ಒಂದು ಮುಖ ಕಂಡಿತು. ಏನು ಮುಖ! ಮೀಸೆ ಕಾಣುತ್ತಿತ್ತು. ಮೀಸೆಯ ಒಂದೊಂದು ಕೂದಲೂ ಕಾಣುತ್ತಿತ್ತು.

"ಇದೇ!" ಅಂದ.

ಇಳಿದು ಬಂದ. ಕಂಬ ಹತ್ತಿದ. ಹಗ್ಗ ಬಿಚ್ಚಿದ. ಸುತ್ತಿ ತಲೆಯ ಮೇಲಿಟ್ಟುಕೊಂಡು ಊರಿಗೆ ನಡೆದ.

ಚಿಕ್ಕತಾಯಮ್ಮ ಹೊಲದಿಂದ ಬರುವಷ್ಟರಲ್ಲಿ ಗೋಡೆಗೆ ಕಟ್ಟಿ ಆಗಿತ್ತು. ಈ ಮೂಲೆಯಿಂದ ಆ ಮೂಲೆಗೆ ಯಾರೋ ಮುಖಂಡರು. ಕೈ ಮುಗಿದಿದ್ದಾರೆ, ನಗುತ್ತಿದ್ದಾರೆ. ಕೆಳಗೆ 'ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು' ಅಂತ ಇದೆ. ಫ್ಲೆಕ್ಸು.

"ಗೋಡೆ ತುಂಬ ಆಯ್ತವ್ವ. ಕರೆಂಟೂ ಬೇಡ" ಅಂದ ಜವರ. "ಒಂದೇ ಕೊರತೆ. ಆಗಿಂದ ಎದುರಿಗೆ ಕೂತಿದೀನಿ, ಮಾತೇ ಆಡ್ತಿಲ್ಲ."

ಅಷ್ಟರಲ್ಲಿ ಮೂರು ಬೈಕು ಬಂದವು. ಆರು ಜನ ಇಳಿದರು. "ಎಲ್ರೀ ನಮ್ಮಣ್ಣ? ನಮ್ಮಣ್ಣನ್ನ ಕದ್ದವನು ಯಾವನ್ರೀ?"

ಚಿಕ್ಕತಾಯಮ್ಮ ಕೈ ಮುಗಿದಳು. ಮಜ್ಜಿಗೆ ಕೊಟ್ಟಳು. ಅವರು ಮಜ್ಜಿಗೆ ಕುಡಿದು, ಅಣ್ಣನನ್ನು ಸುತ್ತಿಕೊಂಡು ಹೋದರು.

"ಹಾಳಾದವನೇ!" ಅಂದಳು. "ನಾಳೆ ಶುಕ್ರವಾರ. ಭಾನುವಾರಕ್ಕೆ ಇನ್ನೆಷ್ಟು ದಿನ ಉಳೀತ್ಲಾ? ನಿನ್ನ ಬುದ್ಧಿ ಓಡಿಸಬೇಡ. ಸಾಹೇಬರು ಏನು ಹೇಳ್ತಾರೋ ಹಂಗೇ ಮಾಡು. ಚೂರೂ ತಪ್ಪಬೇಡ. ತಿಳೀತಾ?"

"ತಿಳೀತು."

ಶುಕ್ರವಾರ ಜವರ ಕಂಡದ್ದೇ ಸಾಹೇಬರು ಕೌಂಟರು ಬಿಟ್ಟು ಅಡ್ಡ ಬಂದರು. "ತಟ್ಟಬೇಡ! ಕೈ ಹಿಂದೆ ಕಟ್ಕೋ."

ಕೈ ಹಿಂದೆ ಕಟ್ಟಿಕೊಂಡ.

ಸಾಹೇಬರೇ ಒಂದೊಂದಾಗಿ ತೋರಿಸಿದರು. ಕೊನೆಯದರಲ್ಲಿ ಒಂದು ದಾಸವಾಳ. ದಾಸವಾಳದ ಮೇಲೆ ಜೇನುನೊಣ. ನೊಣದ ಕಾಲಿನ ಮೇಲೆ ಹೂವಿನ ಪುಡಿ. ಜವರ ಸರಕ್ಕನೆ ತಲೆ ತಗ್ಗಿಸಿದ.

"ಏನಾಯ್ತು?"

"ಕಚ್ಚುತ್ತೆ, ಸಾಹೇಬ್ರೇ!"

ಸಾಹೇಬರು ನಕ್ಕರು. "ಇದನ್ನೇ ತಗೊಂಡು ಹೋಗಪ್ಪ. ಇದಕ್ಕಿಂತ ಪರೀಕ್ಷೆ ಬೇರೆ ಇಲ್ಲ."

ದುಡ್ಡು ಎಣಿಸಿಕೊಂಡು, ಪೆಟ್ಟಿಗೆ ಕಟ್ಟಿಸಿ ಗೂಡ್ಸ್ ಆಟೊಗೆ ಹತ್ತಿಸಿದರು. "ನೋಡು, ಇದನ್ನ ಮಲಗಿಸಬಾರದು. ನಿಲ್ಲಿಸಿ, ಹಿಡ್ಕೊಂಡೇ ಇರಬೇಕು. ಗಾಜು ಸೂಕ್ಷ್ಮ. ನಾಳೆ ನಮ್ಮ ಹುಸೇನ್ ಬಂದು ಗೋಡೆಗೆ ಹಾಕ್ತಾನೆ."

ಜವರ ಹಿಡಿದ. ಆಟೊದಲ್ಲಿ ಹಿಡಿದ. ಇಳಿಸುವಾಗ ಹಿಡಿದ. ನಡುಮನೆಯಲ್ಲಿ ನಿಲ್ಲಿಸಿ ಹಿಡಿದ.

"ಗೋಡೆಗೆ ಒರಗಿಸಿ ಬಿಡ್ಲಾ. ಮುದ್ದೆ ತಣ್ಣಗಾಗ್ತದೆ."

"ಹಿಡ್ಕೊಂಡೇ ಇರಬೇಕು ಅಂದವ್ರೆ."

ಚಿಕ್ಕತಾಯಮ್ಮ ಮುದ್ದೆ ಮುರಿದು ಅವನ ಬಾಯಿಗಿಟ್ಟಳು. ಬೈಯುತ್ತಲೇ ಇಟ್ಟಳು. ಬೆಳಿಗ್ಗೆ ಎದ್ದು ನೋಡಿದರೆ ಪೆಟ್ಟಿಗೆ ನೆಟ್ಟಗೆ ನಿಂತಿತ್ತು. ಜವರನೂ ನಿಂತಿದ್ದ. ಗೊರಕೆ ಬರುತ್ತಿತ್ತು.

ಶನಿವಾರ ಹುಸೇನ್ ಬಂದ. ಗೋಡೆ ಕೊರೆದ. ಟಿವಿ ಹಾಕಿದ. ಡಿಶ್ಶಿನ ತಂತಿ ಸಿಕ್ಕಿಸಿದ. "ಇನ್ನು ಬಿಡಣ್ಣ" ಅಂದ.

"ಹಿಡ್ಕೊಂಡೇ..."

"ಲೇ!" ಅಂದಳು ಚಿಕ್ಕತಾಯಮ್ಮ. "ಅದನ್ನ ಈಗ ಗೋಡೆ ಹಿಡ್ಕೊಂಡಿದೆ! ನೀನು ಬೇರೆ ಕೆಲಸ ನೋಡು. ಹೊಸ ವಸ್ತು. ಜನ ಬರ್ತಾರೆ, ಕಣ್ಣು ಹಾಕ್ತಾರೆ. ದೃಷ್ಟಿ ಆದೀತು. ಯಾರಾದ್ರೂ ಬಂದ್ರೆ ಕಂಬಳಿ ಮುಚ್ಚು. ತಿಳೀತಾ?"

"ತಿಳೀತು."

ಸಂಜೆ ಪಕ್ಕದ ಮನೆಯ ದುಂಡಮ್ಮ ಬಂದಳು. ಹೊಸ್ತಿಲಲ್ಲೇ ಬಾಯಿಯ ಮೇಲೆ ಕೈಯಿಟ್ಟಳು. "ಅಬ್ಬಬ್ಬಾ! ಎಷ್ಟು ದೊಡ್ಡ..."

ಅಷ್ಟೇ. ಮುಂದಿನ ಮಾತು ಕಂಬಳಿಯೊಳಗೆ ಹೋಯಿತು. ಜವರ ಅವಳನ್ನು ತಲೆಯಿಂದ ಕಾಲಿನವರೆಗೆ ಮುಚ್ಚಿ, ಮೇಲೊಂದು ಹಗ್ಗವನ್ನೂ ಸುತ್ತುತ್ತಿದ್ದ.

"ಅಯ್ಯಯ್ಯೋ! ಯಾರೂ ಇಲ್ವಾ! ಉಸಿರು ಕಟ್ತು!"

ಚಿಕ್ಕತಾಯಮ್ಮ ಹಿತ್ತಲಿಂದ ಓಡಿ ಬಂದಳು. "ಏನ್ಲಾ ಇದು!"

"ಟಿವಿಗೆ ಕಂಬಳಿ ಸಾಲಲಿಲ್ಲವ್ವ. ದುಂಡಮ್ಮತ್ತೆಗೆ ಸಾಲ್ತು. ಕಣ್ಣು ಇರೋದೂ ಅವರ ಹತ್ರಾನೇ ಅಲ್ವಾ?"

ಕಂಬಳಿ ತೆಗೆದರು. ದುಂಡಮ್ಮನ ಮುಡಿ ಬಿಚ್ಚಿಹೋಗಿತ್ತು. "ಇನ್ನು ನಿಮ್ಮ ಹೊಸ್ತಿಲು ತುಳಿದರೆ ಕೇಳು" ಅಂತ ಹೋದಳು. ಭಾನುವಾರ ಎಲ್ಲರಿಗಿಂತ ಮುಂಚೆ ಬಂದಳು, ಅದು ಬೇರೆ.

ಚಿಕ್ಕತಾಯಮ್ಮ ತಲೆ ಹಿಡಿದುಕೊಂಡು ಕೂತಳು. ಬೈಯಲು ಬೈಗುಳ ಉಳಿದಿರಲಿಲ್ಲ. "ನೋಡು ಮಗಾ. ನಾಳೆ ಊರೇ ಬರ್ತದೆ. ಯಾರನ್ನೂ ಮುಚ್ಚಬೇಡ. ಏನನ್ನೂ ಮುಚ್ಚಬೇಡ. ದೃಷ್ಟಿಗೆ ಸುಲಭದ ದಾರಿ ಇದೆ. ನೀನು ಮಗುವಾಗಿದ್ದಾಗ ಏನು ಮಾಡ್ತಿದ್ದೆ ನಾನು? ಕೆನ್ನೆಗೊಂದು ಕಾಡಿಗೆ ಬೊಟ್ಟು. ನಾಲ್ಕು ಜನ ಚೆನ್ನಾಗಿದೆ ಅನ್ನೋ ಮುಖಕ್ಕೆ ಒಂದು ಬೊಟ್ಟಿಟ್ಟರೆ ಸಾಕು, ಯಾರ ಕಣ್ಣೂ ತಾಗಲ್ಲ. ತಿಳೀತಾ?"

"ತಿಳೀತು" ಅಂದ ಜವರ. ಕಾಡಿಗೆ ಡಬ್ಬಿ ಎಲ್ಲಿದೆ ಅಂತ ನೋಡಿಕೊಂಡ.

ಭಾನುವಾರ. ಹತ್ತು ಗಂಟೆ. ನಡುಮನೆ ತುಂಬಿ ಜಗುಲಿ ತುಂಬಿತ್ತು. ಚಿಕ್ಕತಾಯಮ್ಮ ಎಲ್ಲರ ಮುಂದೆ ಚಾಪೆಯ ಮೇಲೆ ಕೂತಿದ್ದಳು. ಟಿವಿಯವರ ಮುಂದೆ ಹಾಡಿದಾಗಿನ ಅದೇ ಸೀರೆ ಉಟ್ಟಿದ್ದಳು. ಅದೇ ಮೂಗುತಿ ಹಾಕಿದ್ದಳು. ಸೆರಗಿನಿಂದ ಎರಡು ಸಲ ಕಣ್ಣು ಒರೆಸಿಕೊಂಡು ಸಿದ್ಧಮಾಡಿಕೊಂಡಳು.

ಮೊದಲು ಜಗುಲಿ ಬಂತು. ಆಮೇಲೆ ಜಗುಲಿಯ ಮೇಲೆ ಕೂತ ಹೆಂಗಸಿನ ಪಾದ ಬಂತು. ಹಾಡು ಶುರುವಾಯಿತು. ಆಮೇಲೆ ಮುಖ.

"ಅಯ್ ಶಿವನೇ!" ಅಂದಳು ದುಂಡಮ್ಮ. "ಎಷ್ಟು ಚೆನ್ನಾಗಿ ಕಾಣ್ತವ್ಳೆ ನೋಡಿ!"

"ಲಕ್ಷಣ ಅಂದ್ರೆ ಲಕ್ಷಣ!" ಅಂದರು ಹಿಂದಿನವರು.

ಜವರ ಎದ್ದ. ಡಬ್ಬಿಗೆ ಬೆರಳಿಟ್ಟ. ಟಿವಿಯಲ್ಲಿದ್ದ ಕೆನ್ನೆಗೆ ಒಂದು ಬೊಟ್ಟಿಟ್ಟ.

ಹಾಡುವವರು ಸುಮ್ಮನಿರುತ್ತಾರೆಯೇ? ಚಿಕ್ಕತಾಯಮ್ಮ ತಲೆ ತೂಗಿ ಹಾಡಿದ್ದಳು. ಮುಖ ಎಡಕ್ಕೆ ಹೋಯಿತು, ಬೊಟ್ಟು ಬಲಕ್ಕೆ ಉಳಿಯಿತು. ಜವರ ಎಡಕ್ಕೆ ಇಟ್ಟ. ಮುಖ ಬಲಕ್ಕೆ ಬಂತು. ಬಲಕ್ಕೆ ಇಟ್ಟ. ಮುಖ ಹತ್ತಿರವಾಯಿತು, ಕೆನ್ನೆಯೇ ಮೊರದಗಲ ಆಯಿತು. ಅಷ್ಟು ದೊಡ್ಡ ಕೆನ್ನೆಗೆ ಅಷ್ಟು ಚಿಕ್ಕ ಬೊಟ್ಟೇ? ಅಂಗೈಗೇ ಬಳಿದುಕೊಂಡು ದೊಡ್ಡದಿಟ್ಟ. ಮುಖ ದೂರವಾಯಿತು. ಹುಡುಕಿ ಇಟ್ಟ.

"ಲೇ ಜವರಾ!"

"ಅಲ್ಲಾಡ್ತವಳೆ! ತಡೀರಿ!"

"ಕೂತ್ಕೊಳ್ಳೋ!"

"ಅವ್ವ ಹೇಳವ್ಳೆ!"

ಇಬ್ಬರು ಅವನ ತೋಳು ಹಿಡಿದು ಎಳೆದರು. ಕಾಡಿಗೆಯ ಅಂಗೈ ಟಿವಿಯ ಮೇಲೇ ಇತ್ತು. ಈ ತುದಿಯಿಂದ ಆ ತುದಿಗೆ ಜಾರಿಕೊಂಡು ಬಂತು. ದುಂಡಮ್ಮ ಒರೆಸಲು ಸೆರಗು ತಂದಳು. ಕಾಡಿಗೆ ಹರಳೆಣ್ಣೆಯದು. ಒರೆಸಿದಷ್ಟೂ ಹರಡಿತು. ಟಿವಿ ಕಾವಲಿಯ ತಳದ ಹಾಗೆ ಆಯಿತು. ಒಳಗಿಂದ ಹಾಡು ಮಾತ್ರ ಇಂಪಾಗಿ ಬರುತ್ತಿತ್ತು.

ಹಾಡು ಮುಗಿಯಿತು. ಚಿಕ್ಕತಾಯಮ್ಮ ನೋಡುತ್ತಲೇ ಇದ್ದಳು. ಕೆಳಗಿನ ಮೂಲೆಯಲ್ಲಿ ಅಂಗೈಯಗಲ ಜಾಗಕ್ಕೆ ಕಾಡಿಗೆ ತಾಗಿರಲಿಲ್ಲ. ಅಲ್ಲಿ ಏನೋ ಕಂಡಿತ್ತು. ಸ್ಪಷ್ಟವಾಗಿ ಕಂಡಿತ್ತು. ಚರ್ಮದ ಸುಕ್ಕೂ ಕಂಡಿತ್ತು.

ಮೊಣಕೈ.

"ಬಳೆ ನೋಡಿದ್ರಾ?" ಅಂದಳು ಚಿಕ್ಕತಾಯಮ್ಮ. "ನಂದೇ." ಆಮೇಲೆ ನಗು ಬಂತು ಅವಳಿಗೆ. ಕೂತಲ್ಲೇ ಹೊಟ್ಟೆ ಹಿಡಿದುಕೊಂಡಳು. ಮನೆಯೆಲ್ಲ ನಕ್ಕಿತು.

ಜವರನಿಗೆ ಏನೂ ತಿಳಿಯಲಿಲ್ಲ. "ಯಾರ ಕಣ್ಣೂ ತಾಗಲಿಲ್ಲ ಅಲ್ವಾ ಅವ್ವ?"

"ಇಲ್ಲ ಮಗಾ. ನಂದೂ ತಾಗಲಿಲ್ಲ. ಬಾ ಇಲ್ಲಿ."

ಡಬ್ಬಿಯ ತಳದಲ್ಲಿ ಚೂರು ಕಾಡಿಗೆ ಉಳಿದಿತ್ತು. ಅದನ್ನು ಬೆರಳಲ್ಲಿ ಬಳಿದು ಮಗನ ಕೆನ್ನೆಗೆ ಒಂದು ಬೊಟ್ಟಿಟ್ಟಳು. "ಇಂಥ ಮಗ ಏಳೂರಲ್ಲಿ ಇಲ್ಲ. ಕಣ್ಣು ಬಿದ್ದೀತು. ಹೋಗು, ಸೀಗೆಪುಡಿ ತಂದು ಮುಖ ತೊಳಿ, ಕಾಡಿಗೆ ಹೋಗ್ಲಿ."

"ಯಾವ ಮುಖ ಅವ್ವ?"

"ಟಿವೀಲಿ ಇರೋದು ಕಣ್ಲಾ!"

"ತಿಳೀತು" ಅಂದ ಜವರ.

ಹೋದ. ಸೀಗೆಪುಡಿ ತಂದ. ಬಿಸಿನೀರಿನ ಕೊಳದಪ್ಪಲೆಯನ್ನೂ ತಂದ. ಟಿವಿಯಲ್ಲಿ ಅಷ್ಟು ಹೊತ್ತಿಗೆ ವಾರ್ತೆ ಓದುವವರು ಬಂದಿದ್ದರು.

"ಕಣ್ಣು ಮುಚ್ಕೊಳ್ಳಿ ಸ್ವಾಮಿ, ಉರಿಯುತ್ತೆ" ಅಂದ.